ರಸ್ತೆಯ ಅಪಘಾತಗಳೂ ವಾಹನ ಚಾಲಕರು ಮಾಡತಕ್ಕ ಪ್ರಥಮ ಚಿಕಿತ್ಸೆಯೂ

ಶಿವಮೊಗ್ಗದಿಂದ ಸಾಗರಕ್ಕೆ ಹೋಗುವ ಹೆದ್ದಾರಿಯ ಮೇಲಿರುವ ಆನಂದಪುರದಲ್ಲಿ ಶಿಕಾರಿಪುರದ ಕಡೆಯ ರಸ್ತೆಯೂ ರಿಪ್ಪನ್‌ಪೇಟೆಯ ಕಡೆಯ ರಸ್ತೆಯೂ ಬಂದು ಕೂಡುತ್ತವೆ. ಸುಗ್ಗಿಯಲ್ಲಿ ಅಡಕೆ, ಭತ್ತ, ಶುಂಠಿ, ಹುಲ್ಲುಗಳನ್ನು ಹೇರಿದ ಟ್ರ್ಯಾಕ್ಟರುಗಳೂ ಲಾರಿಗಳೂ, ಮಳೆಗಾಲದಲ್ಲಿ ಜೋಗವನ್ನು ನೋಡಹೋಗುವವರ ಕಾರುಗಳೂ ಇದೇ ಮಾರ್ಗವಾಗಿ ಸಂಚರಿಸುತ್ತವೆ. ಅಪಘಾತವಾದಲ್ಲಿ ಗಾಯಗೊಂಡವರನ್ನು ಸಾಗರದ ಆಸ್ಪತ್ರೆಗೋ, ಪೆಟ್ಟು ಭಾರಿಯಾಗಿದ್ದಲ್ಲಿ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಒಯ್ಯಬೇಕು. 2008ರಿಂದ ನಮ್ಮ ರಾಜ್ಯದಲ್ಲಿ 108ರ ವಾಹನಗಳು ಓಡಾಡುತ್ತಿವೆಯಾದರೂ, ಅವು ಬಂದು ಮುಟ್ಟುವವರೆಗೆ ಗಾಯಾಳುವಿನ ಪಕ್ಕದಲ್ಲಿರುವವನು ವೈದ್ಯನಲ್ಲ. ಹಿಂದಿನಿಂದಲೋ ಎದುರಿನಿಂದಲೋ ಬಂದ ಇನ್ನೊಂದು ಗಾಡಿಯ ಚಾಲಕನು. ಆ ಚಾಲಕನು ಎಷ್ಟೋ ವೇಳೆ ಜಮೀನುದಾರರ ಟ್ರ್ಯಾಕ್ಟರನ್ನು ನಡೆಸುವ ಆಳು, ಇಲ್ಲವೆ ಅವರ ಮಗನೇ ಆಗಿರುತ್ತಾನೆ. ಆದಕಾರಣ ಈ ವಿಷಯವು ಗ್ರಾಮದ ಮುಖಂಡರ ಲಕ್ಷ್ಯಕ್ಕೆ ಬರತಕ್ಕುದಾಗಿದೆ.

ಒಂದು ಗಂಟೆಯೊಳಗೆ ಚಿಕಿತ್ಸೆ ದೊರೆತಲ್ಲಿ ಅಪಘಾತಕ್ಕೆ ಸಿಕ್ಕಿ ಸಾಯುವವರಲ್ಲಿ ಅರ್ಧದಷ್ಟು ಮಂದಿಯನ್ನು ಉಳಿಸಬಹುದೆಂದು ಭಾರತದ ಕಾನೂನು ಆಯೋಗವು 2006ರ ತನ್ನ ವರದಿಯಲ್ಲಿ ಹೇಳಿತು. ಹೀಗಿದ್ದರೂ ಗಾಡಿ ನಿಲ್ಲಿಸುವವರು ಕಡಮೆ. 2017ರಲ್ಲಿ ಕೊಪ್ಪಳದಲ್ಲಿ ಬಸ್ಸಿಗೆ ಸಿಕ್ಕಿದ ಸೈಕಲ್ ಸವಾರನಾದ ಹುಡುಗನೊಬ್ಬನು ರಕ್ತದ ಮಡುವಿನಲ್ಲಿ ಬಿದ್ದು ಸಹಾಯಕ್ಕೆ ಅಂಗಲಾಚುತ್ತಿರಲು, ನೆರೆದವರಲ್ಲಿ ಕೆಲವರು ಮೊಬೈಲುಗಳಲ್ಲಿ ಅವನ ಚಿತ್ರ ತೆಗೆಯುತ್ತ ನಿಂತರು, ಹುಡುಗನು ಉಳಿಯಲಿಲ್ಲ. ಜನರ ಹೃದಯ ಕಲ್ಲಾಗಿದೆಯೆಂದು ಇದರಿಂದ ತೀರ್ಮಾನಿಸುವುದು ಸುಲಭ. ಆದರೆ ಪೂರ್ತಿ ಸರಿಯಲ್ಲ. ಸೇವ್‌ಲೈಫ್ ಪ್ರತಿಷ್ಠಾನವು 2013ರಲ್ಲಿ ದೇಶದ ಕೆಲವು ನಗರಗಳಲ್ಲಿ ವಿಚಾರಿಸಿದಾಗ, ನೂರಕ್ಕೆ 74 ಮಂದಿ ತಾವು ನೆರವಿಗೆ ಹೋಗುವುದು ಸಂಶಯವೆಂದರು. ಹಾಗೆಂದವರಲ್ಲಿ ನೂರಕ್ಕೆ 88 ಮಂದಿ ಕೊಟ್ಟ ಕಾರಣವು ಪೊಲೀಸು, ಕೋರ್ಟುಗಳ ತೊಂದರೆಯೇ.

ಈ ಭಯಕ್ಕೆ ಹಿಂದೆ ಆಧಾರವಿತ್ತು, ಈಗ ಇಲ್ಲ. ನೆರವಾದವರನ್ನು ಕಾಪಾಡುವ ನಿಯಮಗಳನ್ನು ಸರ್ವೋಚ್ಚ ನ್ಯಾಯಾಲಯವು 2016ನೆಯ ಮಾರ್ಚಿಯಲ್ಲಿ ಅಂಗೀಕರಿಸಿ ದೇಶಕ್ಕೆಲ್ಲ ಕಡ್ಡಾಯ ಮಾಡಿತು. ನಮ್ಮ ರಾಜ್ಯವೂ ಇದಕ್ಕಾಗಿಯೇ ಪ್ರತ್ಯೇಕ ಶಾಸನವನ್ನು ಮಾಡಿತು. ತರುವಾಯ 2019ರಲ್ಲಿ ಮೋಟಾರು ವಾಹನಗಳ ಕಾಯಿದೆಗೆ 134-ಎ ಎಂಬ ಕಲಮು ಸೇರಿತು. ಸದ್ಭಾವನೆಯಿಂದ, ಪ್ರತಿಫಲವನ್ನು ಬಯಸದೆ ನೆರವಾದವನ ಕೈಯಲ್ಲಿ ತಪ್ಪಾದರೂ ಅವನ ಮೇಲೆ ಸಿವಿಲ್ ಅಥವಾ ಕ್ರಿಮಿನಲ್ ದಾವೆ ನಡೆಯದು. ಹೆಸರು, ವಿಳಾಸಗಳನ್ನು ಹೇಳೆಂದು ಪೊಲೀಸರಾಗಲಿ ಆಸ್ಪತ್ರೆಯವರಾಗಲಿ ಅವನನ್ನು ಬಲಾತ್ಕರಿಸುವಂತಿಲ್ಲ. ಡಿಕ್ಕಿ ಹೊಡೆದ ಗಾಡಿಯ ಚಾಲಕನ ಸಂಗತಿ ಬೇರೆ. ಗಾಯಾಳುವಿಗೆ ಚಿಕಿತ್ಸೆ ಒದಗಿಸುವುದು 134ನೆಯ ಕಲಮಿನಂತೆ ಅವನ ಕರ್ತವ್ಯ. ರೊಚ್ಚಿಗೆದ್ದ ಗುಂಪಿನಿಂದ ಅಪಾಯವಿದ್ದಲ್ಲಿ ಅಲ್ಲಿ ನಿಲ್ಲಬೇಕಾಗಿಲ್ಲವಾದರೂ, ಠಾಣೆಗೆ 24 ಗಂಟೆಯೊಳಗೆ ವರದಿ ಕೊಡಲೇಬೇಕು.

ಮನಸ್ಸಿದ್ದು ತಿಳಿವಳಿಕೆಯಿಲ್ಲದಿದ್ದರೆ ಆಗುವ ಕೇಡು ಸಣ್ಣದಲ್ಲ. ಎಚ್ಚರ ತಪ್ಪಿದವನ ಬಾಯಿಗೆ ನೀರು ಹೊಯ್ಯುವುದು ನಮ್ಮಲ್ಲಿ ಎಲ್ಲೆಡೆಯೂ ಕಾಣುವ ಪದ್ಧತಿ. ಆ ನೀರು ಶ್ವಾಸನಾಳಕ್ಕೆ ಇಳಿದು ಉಸಿರು ಕಟ್ಟುತ್ತದೆ. ದಯೆಯಿಂದ ಮಾಡಿದ ಈ ಕೆಲಸವೇ ಪ್ರಾಣಕ್ಕೆ ಮುಳುವಾಗಬಹುದು. ನೀರು, ಕಾಫಿ, ಸೋಡ ಏನನ್ನೂ ಕೊಡಕೂಡದು. ಉಸಿರಾಡುತ್ತಿದ್ದು ಎಚ್ಚರವಿಲ್ಲದಿದ್ದರೆ, ತಲೆ, ಕತ್ತು, ಬೆನ್ನುಗಳು ಒಂದೇ ನೇರದಲ್ಲಿರುವಂತೆ ಮೆಲ್ಲಗೆ ಪಕ್ಕಕ್ಕೆ ಹೊರಳಿಸಿದಲ್ಲಿ ಬಾಯಲ್ಲಿರುವ ರಕ್ತವೂ ವಾಂತಿಯೂ ಹೊರಕ್ಕೆ ಹರಿಯುತ್ತವೆ. ಉಸಿರೇ ನಿಂತಿದ್ದರೆ ಅಂಗಾತ ಮಲಗಿಸಿ, ಎದೆಯ ನಡುವೆ ಎರಡು ಅಂಗೈಗಳನ್ನು ಒಂದರ ಮೇಲೊಂದಿಟ್ಟು, ಎರಡು ಅಂಗುಲ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಾರಿ ಒತ್ತುತ್ತಿರಬೇಕು.

ರಕ್ತ ಸುರಿಯುತ್ತಿದ್ದರೆ ಮಡಿಸಿದ ಶುಭ್ರವಾದ ಬಟ್ಟೆಯನ್ನು ಗಾಯದ ಮೇಲಿಟ್ಟು ಅಂಗೈಯಿಂದ ಬಲವಾಗಿ ಅದುಮಿ ಹಿಡಿಯತಕ್ಕದ್ದು. ನಿಂತಿತೋ ಎಂದು ಎತ್ತೆತ್ತಿ ನೋಡಬಾರದು. ಬಟ್ಟೆ ತೊಯ್ದರೆ ಅದರ ಮೇಲೆಯೇ ಇನ್ನೊಂದನ್ನಿಡಬೇಕು. ಅರಿಸಿನ, ಕಾಫಿಪುಡಿ, ಹೊಗೆಸೊಪ್ಪುಗಳನ್ನು ಮೆತ್ತುವುದರಿಂದ ಗಾಯವು ಕೆಡುವುದಲ್ಲದೆ ಬೇರೆ ಪ್ರಯೋಜನವಿಲ್ಲ. ಕೈಕಾಲು ಕತ್ತರಿಸಿಹೋಗಿ, ಅದುಮಿದರೂ ರಕ್ತ ನಿಲ್ಲದಿದ್ದಲ್ಲಿ ಮಾತ್ರ ಗಾಯದ ಮೇಲ್ಭಾಗಕ್ಕೆ ಅಗಲವಾದ ಬಟ್ಟೆಯನ್ನು ಬಿಗಿದು ಕಟ್ಟಿ, ಕಟ್ಟಿದ ಹೊತ್ತನ್ನು ಬರೆದಿಟ್ಟು ವೈದ್ಯರಿಗೆ ತಿಳಿಸಬೇಕು.

ಮೂಳೆ ಮುರಿದಲ್ಲಿ ಅಡಕೆ ಸೀಮೆಯವರು ಸಾಧನಕ್ಕಾಗಿ ಪರದಾಡಬೇಕಾದುದಿಲ್ಲ. ಅಡಕೆಯ ದಬ್ಬೆಯ ತುಂಡಿಗೆ ಬಟ್ಟೆ ಸುತ್ತಿ, ಮುರಿದ ಭಾಗದ ಮೇಲಿನ ಮತ್ತು ಕೆಳಗಿನ ಕೀಲುಗಳೆರಡೂ ಅಲ್ಲಾಡದಂತೆ ಕಟ್ಟಬಹುದು. ಮುಂಗೈಗಾದರೆ ಒಣಗಿದ ಹಾಳೆಯನ್ನು ಮಡಿಸಿ ಕಟ್ಟಿದರೂ ಸಾಕು. ಬೆನ್ನಿಗೆ ಪೆಟ್ಟಾಗಿರುವ ಶಂಕೆಯಿದ್ದವನನ್ನು ಆಟೋರಿಕ್ಷಾದೊಳಕ್ಕೆ ಮಡಿಸಿ ತುರುಕುವುದಕ್ಕಿಂತ, ಅಲ್ಲಿ ಬೇರೆ ಅಪಾಯವಿಲ್ಲದಿದ್ದರೆ, 108ರ ವಾಹನ ಬರುವವರೆಗೆ ಅಲ್ಲಾಡಿಸದೆ ಬಿಡುವುದು ಮೇಲು. ಬೈಕ್ ಸವಾರನು ಸರಿಯಾಗಿ ಉಸಿರಾಡುತ್ತಿದ್ದರೆ ಅವನ ಹೆಲ್ಮೆಟ್ಟನ್ನು ಎಳೆದು ತೆಗೆಯಬಾರದು.

ಇವೆಲ್ಲಕ್ಕೂ ಮೊದಲು ರಸ್ತೆಯ ಎರಡು ಕಡೆಗಳಲ್ಲಿಯೂ ದೂರದಲ್ಲಿ ಸೊಪ್ಪಿನ ಕೊಂಬೆಗಳನ್ನಿಟ್ಟು, ಜನರನ್ನು ನಿಲ್ಲಿಸಿ, ಬರುವ ಗಾಡಿಗಳಿಗೆ ಎಚ್ಚರಿಕೆ ಕೊಡತಕ್ಕದ್ದು. ಟ್ರ್ಯಾಕ್ಟರು ಮಗುಚಿದ್ದಲ್ಲಿ ಇಂಜಿನನ್ನು ನಿಲ್ಲಿಸದೆ ಹತ್ತಿರ ಹೋಗುವುದಾಗಲಿ, ಡೀಸೆಲ್ ಚೆಲ್ಲಿದ ಕಡೆ ಬೀಡಿ ಹಚ್ಚುವುದಾಗಲಿ ಕೂಡದು.

ಬಸ್ಸಿನ ನಿರ್ವಾಹಕನಾಗಬೇಕಾದವನು ಪ್ರಥಮ ಚಿಕಿತ್ಸೆಯ ಪ್ರಮಾಣಪತ್ರವನ್ನು ಪಡೆಯಬೇಕೆಂದಿದೆ. ಹೊಲದಿಂದ ಮಂಡಿಗೆ ಟ್ರ್ಯಾಕ್ಟರು ಓಡಿಸುವವನನ್ನು ಅದನ್ನು ಕೇಳುವವರಿಲ್ಲ. ಸೇಂಟ್ ಜಾನ್ ಆಂಬುಲೆನ್ಸ್ ಸಂಸ್ಥೆಯವರು ಈ ಶಿಕ್ಷಣವನ್ನು ಕೊಡುತ್ತಾರೆ. ಮಳೆಗಾಲದಲ್ಲಿ ಕೆಲಸ ಕಡಮೆಯಿರುವ ದಿನಗಳನ್ನು ನೋಡಿಕೊಂಡು, ಗ್ರಾಮ ಪಂಚಾಯತಿಯ ಮೂಲಕ ಸುತ್ತಲಿನ ಚಾಲಕರನ್ನೆಲ್ಲ ಒಂದೆಡೆ ಸೇರಿಸಿ ಕಲಿಸುವ ಏರ್ಪಾಡನ್ನು ಮುಖಂಡರು ಮಾಡಬಹುದು. ಆ ದಿನಗಳ ಕೂಲಿಯನ್ನು ಜಮೀನುದಾರರು ಹಿಡಿಯದಿದ್ದರೆ ಚಾಲಕರು ತಪ್ಪದೆ ಬರುವರು. ಶುಭ್ರವಾದ ಬಟ್ಟೆಯ ಪಟ್ಟಿಗಳು, ಹತ್ತಿ, ಕತ್ತರಿ, ಒಂದು ಜೊತೆ ರಬ್ಬರಿನ ಕೈಗವಸು, ಬ್ಯಾಟರಿ ದೀಪ, ಇಷ್ಟನ್ನು ತಗಡಿನ ಡಬ್ಬಿಯಲ್ಲಿ ಹಾಕಿ, ಮನೆಯ ಗೂಡಿನಲ್ಲಲ್ಲ, ಟ್ರ್ಯಾಕ್ಟರಿನ ಸಾಮಾನು ಪೆಟ್ಟಿಗೆಯಲ್ಲಿಯೇ ಇಡತಕ್ಕದ್ದು. ಮಲೆನಾಡಿನ ತೇವಕ್ಕೆ ಬಟ್ಟೆ ಬೂಸಲು ಹಿಡಿಯುವುದರಿಂದ ತಿಂಗಳಿಗೊಮ್ಮೆ ತೆರೆದು ನೋಡಿ ಬದಲಾಯಿಸಬೇಕು.