ಸಿಮ್‌ಗಳ ಸಂಸಾರಕ್ಕೆ ಎಂಥ ಕಂಪ್ಯೂಟರ್ ಸಾಕು?

ಆಟ ಆಡಲು ಕಂಪ್ಯೂಟರ್ ಬೇಕೆಂದು ಅಂಗಡಿಯಲ್ಲಿ ಕೇಳಿದರೆ ಮೊದಲು ಎದುರಿಗೆ ಬರುವುದು ಬಣ್ಣದ ದೀಪಗಳ ಕೀಬೋರ್ಡು, ದಪ್ಪ ಮೈ, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡು ಇರುವ ‘ಗೇಮಿಂಗ್ ಲ್ಯಾಪ್‌ಟಾಪ್’. ಗುಂಡು ಹಾರಿಸುವ ಆಟ, ಕಾರ್ ರೇಸು ಆಡುವವರಿಗೆ ಆ ಸಲಹೆ ಸರಿಯೇ. ಆದರೆ ಮನೆ ಕಟ್ಟಿ, ಸಂಸಾರ ಹೂಡಿ, ಅಡುಗೆ, ಉದ್ಯೋಗ, ಜಗಳ, ಮದುವೆ ಎಂದು ‘ಸಿಮ್’ ಎಂಬ ಪುಟ್ಟ ಪಾತ್ರಗಳ ಬದುಕು ನಡೆಸುವ ‘ದ ಸಿಮ್ಸ್ 4’ನಂಥ ಆಟಗಳನ್ನೇ ಹೆಚ್ಚಾಗಿ ಆಡುವವರಿಗೆ ಅದು ದುಬಾರಿ ಸಲಹೆ. ಈ ಆಟಗಳಲ್ಲಿ ಕಂಪ್ಯೂಟರ್ ಚಿತ್ರ ಬಿಡಿಸಲು ಪಡುವ ಪಾಡಿಗಿಂತ, ಪಾತ್ರಗಳು ಮುಂದೇನು ಮಾಡಬೇಕೆಂದು ಲೆಕ್ಕ ಹಾಕಲು ಪಡುವ ಪಾಡೇ ಹೆಚ್ಚು. ಹಾಗಾಗಿ ಕೈಯಲ್ಲಿರುವ ಹಣ ಕಡಿಮೆಯಿದ್ದಾಗ ಅದು ಮೊದಲು ಪ್ರೊಸೆಸರ್, ರ‍್ಯಾಮ್, ಎಸ್‌ಎಸ್‌ಡಿಗಳಿಗೆ ಹೋಗಬೇಕು. ಗ್ರಾಫಿಕ್ಸ್ ಕಾರ್ಡಿನ ಸರದಿ ಕೊನೆಯದು. ಕಾರಣ ತಿಳಿಯಲು ಆಟದ ಒಳಗೆ ಒಮ್ಮೆ ಇಣುಕಬೇಕು.

ಮ್ಯಾಕ್ಸಿಸ್ ಸಂಸ್ಥೆಯ ವಿಲ್ ರೈಟ್ ರೂಪಿಸಿದ ಮೊದಲ ‘ಸಿಮ್ಸ್’ 2000ದ ಫೆಬ್ರುವರಿಯಲ್ಲಿ ಬಂತು. ಅದರ ಜಾಣತನವೆಲ್ಲ ಇದ್ದದ್ದು ಪಾತ್ರಗಳಲ್ಲಿ ಅಲ್ಲ, ಮನೆಯ ಸಾಮಾನುಗಳಲ್ಲಿ. ಫ್ರಿಜ್ಜು ‘ನಾನು ಹಸಿವು ತಣಿಸಬಲ್ಲೆ’ ಎಂದು, ಹಾಸಿಗೆ ‘ನಾನು ದಣಿವು ಕಳೆಯಬಲ್ಲೆ’ ಎಂದು, ಟಿ.ವಿ. ‘ನಾನು ಬೇಸರ ನೀಗಬಲ್ಲೆ’ ಎಂದು ಸುತ್ತಲೂ ಸಾರುತ್ತಿರುತ್ತವೆ. ಆಟಗಾರನ ಅಪ್ಪಣೆಯಿಲ್ಲದೆ ಬಿಡುವಾಗಿರುವ ಸಿಮ್, ಆ ಕ್ಷಣಕ್ಕೆ ತನಗೆ ಯಾವ ಕೊರತೆ ಎಷ್ಟಿದೆ, ಯಾವ ವಸ್ತು ಅದನ್ನು ಎಷ್ಟು ತುಂಬೀತು, ಅದು ಎಷ್ಟು ದೂರದಲ್ಲಿದೆ ಎಂದೆಲ್ಲ ಅಂಕ ಹಾಕಿ, ಹೆಚ್ಚು ಅಂಕ ಬಂದವುಗಳಲ್ಲಿ ಒಂದನ್ನು ಆರಿಸಿಕೊಳ್ಳುತ್ತದೆ. ಆಮೇಲೆ ಕುರ್ಚಿ, ಗೋಡೆ, ಅಡ್ಡ ನಿಂತವರನ್ನು ಬಳಸಿ ಅಲ್ಲಿಗೆ ಹೋಗುವ ದಾರಿ ಹುಡುಕಬೇಕು. ‘ಸಿಮ್ಸ್ 4’ನಲ್ಲಿ ಹಸಿವು, ನಿದ್ದೆ, ಶುಚಿ, ಶೌಚ, ಮೋಜು, ಒಡನಾಟ ಎಂಬ ಆರು ಅಗತ್ಯಗಳ ಮೇಲೆ ಭಾವನೆ, ಸ್ವಭಾವ, ಸಂಬಂಧಗಳ ಪದರಗಳೂ ಸೇರಿವೆ. ಮನೆಯಲ್ಲಿ ಎಂಟು ಜನ, ಹಬ್ಬಕ್ಕೆ ಬಂದ ನೆಂಟರು ಹತ್ತು ಜನ, ಸಾಮಾನು ನೂರಾರು ಎಂದಾದರೆ ಹಾಕಬೇಕಾದ ಅಂಕಗಳ ಸಂಖ್ಯೆ ಹೇಗೆ ಬೆಳೆಯುತ್ತದೆಂದು ಊಹಿಸಿಕೊಳ್ಳಬಹುದು. ಸಾಮಾನ್ಯ ವೇಗದಲ್ಲಿ ಆಟದ ಒಂದು ನಿಮಿಷ ನಮ್ಮ ಒಂದು ಸೆಕೆಂಡು. ವೇಗ ಹೆಚ್ಚಿಸಿದಷ್ಟೂ ಇದೇ ಲೆಕ್ಕವನ್ನು ಇನ್ನೂ ಕಡಿಮೆ ಸಮಯದಲ್ಲಿ ಮುಗಿಸಬೇಕು.

ಈ ಕೆಲಸವೆಲ್ಲ ಪ್ರೊಸೆಸರಿನದು, ಅದರಲ್ಲೂ ಬಹುಪಾಲು ಅದರ ಒಂದೇ ಒಂದು ಕೋರ್‌ನದು. ‘ಸಿಮ್ಸ್ 4’ರ ಬದುಕಿನ ನಿಯಮಗಳನ್ನು ಪೈಥಾನ್ ಭಾಷೆಯಲ್ಲಿ ಬರೆಯಲಾಗಿದೆ. ಪೈಥಾನ್‌ನ ಸಾಂಪ್ರದಾಯಿಕ ರೂಪದಲ್ಲಿ ಒಂದು ಗಳಿಗೆಗೆ ಒಂದೇ ಎಳೆಯ (ಥ್ರೆಡ್) ಆದೇಶಗಳು ನಡೆಯಬಲ್ಲವು. ಮದುವೆ ಮನೆಯಲ್ಲಿ ಹತ್ತು ಒಲೆ ಹೂಡಿದ್ದರೂ ಉಪ್ಪು ಖಾರ ನೋಡುವ ಭಟ್ಟರು ಒಬ್ಬರೇ ಇದ್ದರೆ ಊಟ ಅವರ ವೇಗಕ್ಕೇ ಏಳಬೇಕಲ್ಲ, ಹಾಗೆ. ಹೀಗಾಗಿ ಹದಿನಾರು ಕೋರ್‌ಗಳ ಪ್ರೊಸೆಸರಿಗಿಂತ, ಒಂದೊಂದೂ ಚುರುಕಾಗಿರುವ ನಾಲ್ಕಾರು ಕೋರ್‌ಗಳದ್ದೇ ಇಲ್ಲಿ ಮೇಲು. ಒಂದು ಕೋರ್ ಸಂಸಾರ ನೋಡಿಕೊಂಡರೆ ಉಳಿದವು ಚಿತ್ರದ ಸಿದ್ಧತೆ, ಸದ್ದು, ವಿಂಡೋಸ್, ಬ್ರೌಸರ್‌ಗಳನ್ನು ನೋಡಿಕೊಳ್ಳುತ್ತವೆ. ಇದಕ್ಕೆ ಈ ಸರಣಿಯ ಚರಿತ್ರೆಯಲ್ಲೇ ಸಾಕ್ಷಿಯಿದೆ. 2009ರ ‘ಸಿಮ್ಸ್ 3’ ಇಡೀ ಊರನ್ನು ಬಾಗಿಲಿಲ್ಲದಂತೆ ತೆರೆದಿಟ್ಟಿತ್ತು. ನಾವು ನೋಡದ ಮನೆಗಳಲ್ಲೂ ಬದುಕು ಸಾಗುತ್ತಿತ್ತು. ವಿಂಡೋಸ್‌ನಲ್ಲಿ ಅದು 32 ಬಿಟ್ ತಂತ್ರಾಂಶವಾದ್ದರಿಂದ 4 ಜಿಬಿಗಿಂತ ಹೆಚ್ಚು ಮೆಮೊರಿ ಮುಟ್ಟುವಂತಿರಲಿಲ್ಲ. ಊರು ತುಂಬಿದಂತೆ ಆಟ ತಡವರಿಸುತ್ತಿತ್ತು, ಒಳ್ಳೆಯ ಗ್ರಾಫಿಕ್ಸ್ ಕಾರ್ಡಿದ್ದವರಿಗೂ. 2014ರಲ್ಲಿ ಬಂದ ‘ಸಿಮ್ಸ್ 4’ ತೆರೆದ ಊರನ್ನು ಕೈಬಿಟ್ಟು, ಒಂದು ಸಲಕ್ಕೆ ಒಂದು ನಿವೇಶನವನ್ನಷ್ಟೇ ವಿವರವಾಗಿ ನಡೆಸುವ ಕ್ರಮಕ್ಕೆ ಬಂತು. ಅಭಿಮಾನಿಗಳು ಗೊಣಗಿದರು, ಆಟ ಮಾತ್ರ ಹಗುರವಾಯಿತು.

ಚಿತ್ರದ ಹೊರೆ ಎಷ್ಟು ಕಡಿಮೆಯೆಂದರೆ, 2014ರ ಆ ಆಟ ಕನಿಷ್ಠ ಅರ್ಹತೆಯಾಗಿ ಕೇಳಿದ್ದು 128 ಎಂಬಿ ವಿಡಿಯೊ ಮೆಮೊರಿ, ಅಂದರೆ 2004ರಲ್ಲಿ ಬಂದ ಜಿಫೋರ್ಸ್ 6600ನಂಥ ಕಾರ್ಡು. ಆಮೇಲೆ ಆಟಕ್ಕೆ ಸೇರಿಸಿಕೊಳ್ಳುವ ಹೊಸ ಪ್ಯಾಕ್‌ಗಳು ಬಂದಂತೆ ಅರ್ಹತೆ ಏರಿದೆ. ಆದರೂ ಇಂದಿನ ಪ್ರೊಸೆಸರಿನೊಳಗೇ ಇರುವ ಗ್ರಾಫಿಕ್ಸ್ ಈ ಆಟಕ್ಕೆ ಮಧ್ಯಮ ಮಟ್ಟದ ಚಿತ್ರವನ್ನು ಸಲೀಸಾಗಿ ಬಿಡಿಸುತ್ತದೆ. ತೊಂದರೆ ಚಿತ್ರದ್ದೋ ಲೆಕ್ಕದ್ದೋ ಎಂದು ಪತ್ತೆ ಮಾಡಲು ಸುಲಭದ ಪರೀಕ್ಷೆಯೊಂದಿದೆ. ಆಟವನ್ನು ಪಾಜ್ ಮಾಡಿ ಕ್ಯಾಮೆರಾವನ್ನು ಮನೆಯ ಸುತ್ತ ತಿರುಗಿಸಿ. ಪಾಜ್ ಆಗಿರುವಾಗ ಬದುಕಿನ ಲೆಕ್ಕ ನಿಂತಿರುತ್ತದೆ, ಚಿತ್ರ ಬಿಡಿಸುವ ಕೆಲಸ ಮಾತ್ರ ನಡೆದಿರುತ್ತದೆ. ಆಗಲೂ ದೃಶ್ಯ ಮುಗ್ಗರಿಸಿದರೆ ಗ್ರಾಫಿಕ್ಸ್ ಸಾಲದು. ಆಗ ನಯವಾಗಿ ತಿರುಗಿ, ಎಲ್ಲಕ್ಕಿಂತ ಹೆಚ್ಚಿನದಾದ ಮೂರನೇ ವೇಗಕ್ಕೆ ಹಾಕಿದ ಕೂಡಲೇ ಗಡಿಯಾರ ನಿಂತು ನಿಂತು ಓಡಿದರೆ, ‘ಊಟ ಮಾಡು’ ಎಂದ ಮೇಲೂ ಸಿಮ್ ಸುಮ್ಮನೆ ನಿಂತೇ ಇದ್ದರೆ, ಎಷ್ಟು ದೊಡ್ಡ ಕಾರ್ಡು ಹಾಕಿದರೂ ಆ ತೊಂದರೆ ಹೋಗುವುದಿಲ್ಲ. ಲ್ಯಾಪ್‌ಟಾಪ್ ಕೊಳ್ಳುವ ಮುನ್ನ ಗೆಳೆಯರದೊಂದು ಯಂತ್ರದಲ್ಲಿ ಇದನ್ನು ಮಾಡಿ ನೋಡಿದರೂ ಸಾಕು.

ಇನ್ನು ಅಂಗಡಿಯ ಲೇಬಲ್ ಓದುವ ವಿಷಯ. ಪ್ರೊಸೆಸರಿನ ಹೆಸರಿನ ಮೊದಲ ಭಾಗವನ್ನು ನಂಬಿ ಕೊಂಡವರು ಕೆಡುವುದು ಇಲ್ಲಿಯೇ. ಎಎಂಡಿಯ ರೈಜನ್ 5 7520ಯು ಮತ್ತು ರೈಜನ್ 5 7530ಯು ನೋಡಲು ಅವಳಿಗಳಂತಿವೆ. ಈ ಸರಣಿಯಲ್ಲಿ ಒಳವಿನ್ಯಾಸ ಎಷ್ಟು ಹಳೆಯದೆಂದು ಹೇಳುವುದು ಮೂರನೆಯ ಅಂಕಿ. 7520ಯು 2019ರ ಜೆನ್ 2 ವಿನ್ಯಾಸದ್ದು. 4 ಕೋರ್, ಗ್ರಾಫಿಕ್ಸ್‌ಗೆ 2 ಘಟಕ. 7530ಯು ಜೆನ್ 3ರದ್ದು. 6 ಕೋರ್, ಗ್ರಾಫಿಕ್ಸ್‌ಗೆ 7 ಘಟಕ. ಬೆಲೆಯ ಅಂತರ ಸಣ್ಣದಿದ್ದರೆ ಎರಡನೆಯದನ್ನು ಬಿಡಬಾರದು. ಇಂಟೆಲ್‌ನಲ್ಲಾದರೆ 12ನೇ ತಲೆಮಾರಿನ ಐ3-1215ಯು ಅಥವಾ ಐ5-1235ಯು, ಇಲ್ಲವೇ ಅವಕ್ಕಿಂತ ಹೊಸವು ಸಾಕಾಗುತ್ತವೆ. ಸೆಲೆರಾನ್ ಎನ್4020ನಂಥ 2 ಕೋರ್‌ಗಳ ಪ್ರೊಸೆಸರಿಗೆ, 64 ಜಿಬಿಯ ಇಎಂಎಂಸಿ ಸಂಗ್ರಹಕ್ಕೆ, ಬದಲಿಸಲಾಗದ 4 ಜಿಬಿ ರ‍್ಯಾಮ್‌ಗೆ ಎಷ್ಟೇ ಅಗ್ಗವಾದರೂ ಕೈ ಹಾಕಬಾರದು. ಆಟವೇ ಹತ್ತಾರು ಜಿಬಿ ಜಾಗ ತಿನ್ನುತ್ತದೆ.

ರ‍್ಯಾಮ್ 8 ಜಿಬಿ ಇದ್ದರೆ ಆಟ ನಡೆಯುತ್ತದೆ, 16 ಇದ್ದರೆ ನೆಮ್ಮದಿಯಾಗಿ ನಡೆಯುತ್ತದೆ. ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ಅದೂ ಇದೇ ರ‍್ಯಾಮ್‌ನಲ್ಲಿ ಪಾಲು ಕೇಳುತ್ತದೆ. ಅದಕ್ಕೇ ಎಷ್ಟು ಜಿಬಿ ಎಂಬುದರಷ್ಟೇ ಎಷ್ಟು ಕಡ್ಡಿಗಳಲ್ಲಿ ಎಂಬುದೂ ಮುಖ್ಯ. ಡಿಡಿಆರ್4-3200 ರ‍್ಯಾಮ್‌ನ ಒಂದು ಕಡ್ಡಿ ಸೆಕೆಂಡಿಗೆ ಹೆಚ್ಚೆಂದರೆ 25.6 ಜಿಬಿ ದತ್ತಾಂಶ ಸಾಗಿಸಬಲ್ಲದು. ಎರಡು ಕಡ್ಡಿ ಹಾಕಿದರೆ 51.2. 16 ಜಿಬಿಯ ಒಂದೇ ಕಡ್ಡಿಗಿಂತ 8 ಜಿಬಿಯ ಎರಡು ಮೇಲು ಎನ್ನುವುದು ಇದರಿಂದ. ಇಂಟೆಲ್‌ನ ಐರಿಸ್ ಎಕ್ಸ್ಇ ಗ್ರಾಫಿಕ್ಸ್ ಇರುವ ಲ್ಯಾಪ್‌ಟಾಪಿನಲ್ಲಿ ಒಂದೇ ಕಡ್ಡಿ ಹಾಕಿದ್ದರೆ ವಿಂಡೋಸ್ ಅದನ್ನು ಬರೀ ‘ಯುಎಚ್‌ಡಿ ಗ್ರಾಫಿಕ್ಸ್’ ಎಂದು ತೋರಿಸುತ್ತದೆ. ಇನ್ನೊಂದು ಕಡ್ಡಿಗೆ ಜಾಗ ಖಾಲಿ ಇದೆಯೇ ಎಂದು ಕೇಳುವ ಒಂದು ಪ್ರಶ್ನೆ, ಮುಂದೆ ಹೊಸ ಯಂತ್ರದ ಖರ್ಚನ್ನೇ ತಪ್ಪಿಸೀತು. ಎಸ್‌ಎಸ್‌ಡಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ತಿರುಗುವ ಹಾರ್ಡ್‌ಡಿಸ್ಕ್ ಪ್ರತಿ ಕಡತ ಹುಡುಕಲು ಹತ್ತು ಮಿಲಿಸೆಕೆಂಡಿನ ಆಸುಪಾಸು ತಗೊಂಡರೆ ಎಸ್‌ಎಸ್‌ಡಿಗೆ ಅದರ ನೂರರಲ್ಲೊಂದು ಪಾಲು ಸಾಕು. ನಿವೇಶನ ಬದಲಿಸಿದಾಗಲೆಲ್ಲ ಕಾಯಿಸುವ ಈ ಆಟಕ್ಕೆ ಅದು ಅತಿ ಅಗ್ಗದ ಔಷಧ.

ಹೊಸದೇ ಆಗಬೇಕೆಂದೂ ಇಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಮಾರುಕಟ್ಟೆಗಳಲ್ಲಿ ಕಂಪನಿಗಳು ಬಳಸಿ ಬಿಟ್ಟ ಲ್ಯಾಪ್‌ಟಾಪ್‌ಗಳು ರಿಫರ್ಬಿಷ್ಡ್ ಹೆಸರಿನಲ್ಲಿ ಸಿಗುತ್ತವೆ. ಅಲ್ಲಿ ಇಂಟೆಲ್ 8ನೇ ತಲೆಮಾರನ್ನು ಗಡಿಯಾಗಿ ಇಟ್ಟುಕೊಳ್ಳುವುದು ಕ್ಷೇಮ. 7ನೇ ತಲೆಮಾರಿನ ಐ7-7500ಯುನಲ್ಲಿ 2 ಕೋರ್ ಇದ್ದರೆ, 8ನೆಯದರ ಐ5-8250ಯುನಲ್ಲಿ 4 ಇವೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ರ ಅಧಿಕೃತ ಪಟ್ಟಿ ಶುರುವಾಗುವುದೂ ಹೆಚ್ಚುಕಡಿಮೆ 8ನೇ ತಲೆಮಾರಿನಿಂದಲೇ. ಒಂದೇ ಕಡೆ ಕೂತು ಆಡುವವರಾದರೆ ರೈಜನ್ 5 5600ಜಿ ಹಾಕಿದ ಅಸೆಂಬಲ್ಡ್ ಡೆಸ್ಕ್‌ಟಾಪ್ ಅದೇ ಹಣಕ್ಕೆ ಹೆಚ್ಚು ಕೊಡುತ್ತದೆ. ತೆಳು ಲ್ಯಾಪ್‌ಟಾಪಿನ ಪ್ರೊಸೆಸರಿಗೆ 15 ವಾಟ್‌ನ ಮಿತಿಯಿದ್ದರೆ ಇದಕ್ಕೆ 65 ವಾಟ್, ಬಿಸಿಯಾಗಿ ವೇಗ ಇಳಿಸುವ ಪಾಡಿಲ್ಲ. ಕರೆಂಟ್ ಹೋಗಿ ಬರುವ ಊರಾದರೆ ಯುಪಿಎಸ್ ಖರ್ಚನ್ನೂ ಸೇರಿಸಿಕೊಳ್ಳಬೇಕು. ಹೆಸರಿನ ಕೊನೆಗೆ ‘ಎಫ್’ ಇರುವ ಇಂಟೆಲ್ ಪ್ರೊಸೆಸರುಗಳಲ್ಲಿ ಗ್ರಾಫಿಕ್ಸ್ ಇರುವುದೇ ಇಲ್ಲ ಎಂಬುದು ನೆನಪಿರಲಿ.

ಈ ವಾದಕ್ಕೆ ಬಲವಾದ ಆಕ್ಷೇಪವೊಂದಿದೆ: 2025ರ ಮಾರ್ಚ್ 28ರಂದು ಬಂದ ‘ಇನ್‌ಜಾಯ್’. ಬಿಜಿಎಂಐ ಎಂಬ ಮೊಬೈಲ್ ಆಟದಿಂದ ನಮ್ಮಲ್ಲೂ ಹೆಸರಾದ ಕೊರಿಯಾದ ಕ್ರಾಫ್ಟನ್ ಸಂಸ್ಥೆಯ ಈ ಆಟವೂ ಬದುಕಿನದೇ. ಆದರೆ ಅನ್‌ರಿಯಲ್ ಎಂಜಿನ್ 5ರಲ್ಲಿ ಕಟ್ಟಿದ್ದು. ಕನಿಷ್ಠ ಅರ್ಹತೆಯಾಗಿಯೇ 12 ಜಿಬಿ ರ‍್ಯಾಮ್ ಮತ್ತು ಆರ್‌ಟಿಎಕ್ಸ್ 2060 ಮಟ್ಟದ ಕಾರ್ಡನ್ನು ಕೇಳುತ್ತದೆ. ಇದನ್ನು ಆಡಲೇಬೇಕೆನ್ನುವವರಿಗೆ ಮೇಲಿನ ಲೆಕ್ಕ ಹೊಂದುವುದಿಲ್ಲ, ಅವರು ಗೇಮಿಂಗ್ ಲ್ಯಾಪ್‌ಟಾಪಿನ ಬೆಲೆ ತೆರಬೇಕು. ಆದರೆ ಆ ಬೆಲೆ ಬಹುಪಾಲು ಹೋಗುವುದು ಚರ್ಮದ ಹೊಳಪಿಗೆ, ಬೆಳಕು ನೆರಳಿಗೆ. ಬದುಕಿನ ಲೆಕ್ಕಕ್ಕೆ ಕಾರ್ಡು ಬೇಕಾಯಿತೆಂದು ಅದರಿಂದ ತೀರ್ಮಾನಿಸುವಂತಿಲ್ಲ. ಇನ್ನೊಂದು ತುದಿಯಲ್ಲಿ 2016ರ ‘ಸ್ಟಾರ್‌ಡ್ಯೂ ವ್ಯಾಲಿ’ ಇದೆ. ಊರು, ಹೊಲ, ನಂಟು, ಮದುವೆ ಎಲ್ಲ ಇದ್ದೂ 2 ಜಿಬಿ ರ‍್ಯಾಮ್, 500 ಎಂಬಿ ಜಾಗದಲ್ಲಿ ಅದು ಮುಗಿಸುತ್ತದೆ. ಯಾವ ಆಟ ಎಂಬುದನ್ನು ಮೊದಲು ನಿಶ್ಚಯಿಸಿ ಆಮೇಲೆ ಯಂತ್ರ ನೋಡಬೇಕು ಎನ್ನುವುದಕ್ಕೆ ಈ ಎರಡು ಆಟಗಳೇ ಸಾಕು.

ಮುಂದೆ ಬೇಕಾದೀತೆಂದು ಈಗಲೇ ಕಾರ್ಡು ಹಾಕಿಸಿದರೇನು ಎಂಬ ಪ್ರಶ್ನೆಯೂ ಬರುತ್ತದೆ. ಲ್ಯಾಪ್‌ಟಾಪಿನ ಕಾರ್ಡು ಬೆಸುಗೆ ಹಾಕಿದ್ದು, ಬದಲಿಸಲಾಗದು. ಇಂದು ಕೈಗೆಟುಕುವ 4 ಜಿಬಿಯ ಕಾರ್ಡು ಕನಿಷ್ಠ 6 ಜಿಬಿ ಕೇಳುವ ಆಟಗಳ ಎದುರು ಈಗಲೇ ಹಿಂದೆ ಬಿದ್ದಿದೆ. ಹೀಗೆ ಭವಿಷ್ಯಕ್ಕೆಂದು ಕೊಟ್ಟ ಹಣ ಭವಿಷ್ಯಕ್ಕೂ ಒದಗುವುದಿಲ್ಲ. ಡೆಸ್ಕ್‌ಟಾಪ್ ಇದ್ದವರು ಬೇಕಾದ ದಿನ ಕಾರ್ಡು ತಂದು ಸಿಕ್ಕಿಸಿಕೊಳ್ಳಬಹುದು. ‘ಸಿಮ್ಸ್ 4’ರ ಮೂಲ ಆಟ 2022ರ ಅಕ್ಟೋಬರ್ 18ರಿಂದ ಉಚಿತ. ಆದರೆ ನಾಯಿ ಬೆಕ್ಕು, ಋತುಗಳು, ಕಾಲೇಜು ಎಂದು ಒಂದೊಂದು ಪ್ಯಾಕಿಗೂ ದುಡ್ಡು ಕೊಡಬೇಕು, ಆಟ ಹಿಡಿದ ಮೇಲೆ ನಿಜವಾದ ಖರ್ಚು ಅದೇ. ಪ್ರತಿ ಪ್ಯಾಕೂ ಮನೆಗೆ ಹೊಸ ಸಾಮಾನು, ಸಿಮ್‌ಗಳಿಗೆ ಹೊಸ ಆಸೆ, ಹೊಸ ಆಯ್ಕೆಗಳನ್ನು ತರುತ್ತದೆ. ಅಂದರೆ ವರ್ಷದಿಂದ ವರ್ಷಕ್ಕೆ ಹೆಚ್ಚುವುದು ಅಂಕ ಹಾಕುವ ಕೆಲಸವೇ. ಆ ಹೊರೆ ಬೀಳುವುದು ಪ್ರೊಸೆಸರ್ ಮತ್ತು ರ‍್ಯಾಮ್‌ಗಳ ಮೇಲೆ. ದುಡ್ಡೂ ಅಲ್ಲೇ ಬೀಳಲಿ.