ಬೈಪಾಸ್ ಆದ ಮೇಲೆ ಮರೆವು ಯಾಕೆ?

"ಆಪರೇಷನ್ ಆದ ಮೇಲೆ ಅಬ್ಬಾ ಮೊದಲಿನ ಹಾಗಿಲ್ಲ, ಹೇಳಿದ್ದೆಲ್ಲ ಮರೀತಾರೆ." ಬೈಪಾಸ್ ಆದವರ ಮನೆಗಳಲ್ಲಿ ಕೇಳಿಬರುವ ಈ ಮಾತು ಬರೀ ಭ್ರಮೆಯಲ್ಲ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವೈದ್ಯರು 261 ರೋಗಿಗಳನ್ನು ಪರೀಕ್ಷಿಸಿ 2001ರಲ್ಲಿ ವರದಿ ಪ್ರಕಟಿಸಿದರು. ಆಸ್ಪತ್ರೆಯಿಂದ ಹೊರಡುವಾಗ ಶೇ. 53 ಮಂದಿಯಲ್ಲಿ ನೆನಪು, ಏಕಾಗ್ರತೆಯಂಥ ಶಕ್ತಿಗಳು ಕುಗ್ಗಿದ್ದವು. ಆರು ತಿಂಗಳಲ್ಲಿ ಇದು ಶೇ. 24ಕ್ಕೆ ಇಳಿಯಿತು, ಐದು ವರ್ಷಕ್ಕೆ ಮತ್ತೆ ಶೇ. 42ಕ್ಕೆ ಏರಿತು.

ಹಾಗಾದರೆ ತಪ್ಪು ಆಪರೇಷನ್‌ನದ್ದೇ? ಜಾನ್ಸ್ ಹಾಪ್ಕಿನ್ಸ್ ವೈದ್ಯರು ಬೈಪಾಸ್ ಆಗದ ಹೃದ್ರೋಗಿಗಳನ್ನೂ ವರ್ಷಗಟ್ಟಲೆ ಗಮನಿಸಿದಾಗ, ಅವರಲ್ಲೂ ಹೆಚ್ಚುಕಡಿಮೆ ಅಷ್ಟೇ ಕುಸಿತ ಕಂಡಿತು. ಹೃದಯದ ರಕ್ತನಾಳ ಕೆಡಿಸುವ ಕಾಯಿಲೆ ಮೆದುಳಿನ ನಾಳಗಳನ್ನೂ ಬಿಡುವುದಿಲ್ಲ.

ಆದ್ದರಿಂದ ಮರೆವಿಗೆ ಹೆದರಿ, ಡಾಕ್ಟರು ಹೇಳಿದ ಆಪರೇಷನ್ ಮುಂದೂಡಬೇಡಿ. ಬಿಪಿ, ಶುಗರ್ ಹತೋಟಿಯಲ್ಲಿರಲಿ, ಬೀಡಿ-ಸಿಗರೇಟ್ ಬಿಡಿಸಿ. ಮೊದಲ ಕೆಲವು ತಿಂಗಳು ಮನೆಯವರಿಗೂ ಸ್ವಲ್ಪ ತಾಳ್ಮೆ ಇರಲಿ.