ಪರದೇಶದ ವಾಸ, ಪಾಸ್‌ಪೋರ್ಟಿನ ಗಡುವು

ನಿಮ್ಮ ಮನೆಯ ಹುಡುಗನೋ ಹುಡುಗಿಯೋ ಜರ್ಮನಿಯಲ್ಲಿ ಓದುತ್ತಿರಬಹುದು, ಇಲ್ಲವೆ ಅಲ್ಲಿ ಎಂಜಿನಿಯರ್ ಕೆಲಸದಲ್ಲಿರಬಹುದು. ಮಾತನಾಡುವಾಗಲೆಲ್ಲ ನೀವು ಊಟತಿಂಡಿ, ಚಳಿ, ಬಾಡಿಗೆ ಎಲ್ಲವನ್ನೂ ವಿಚಾರಿಸುತ್ತೀರಿ. ಮುಂದಿನ ಸಲ ಇನ್ನೊಂದು ಪ್ರಶ್ನೆಯನ್ನೂ ಸೇರಿಸಿಕೊಳ್ಳಿ: "ನಿನ್ನ ಪಾಸ್‌ಪೋರ್ಟಿನ ಅವಧಿ ಎಂದಿಗೆ ಮುಗಿಯುತ್ತದೆ?" ವೀಸಾದ ತಾರೀಖನ್ನು ಎಲ್ಲರೂ ನೆನಪಿಟ್ಟಿರುತ್ತಾರೆ, ಪಾಸ್‌ಪೋರ್ಟಿನ ತಾರೀಖನ್ನು ನೆನಪಿಡುವವರು ಕಡಿಮೆ. ವಯಸ್ಕರಿಗೆ ಹತ್ತು ವರ್ಷಕ್ಕೆಂದು ಕೊಡುವ ಪುಸ್ತಕ ಅದು. ಹತ್ತು ವರ್ಷವೆಂದರೆ ಯಾವಾಗಲೂ ಬಲು ದೂರದಲ್ಲಿರುವಂತೆಯೇ ತೋರುತ್ತದೆ.

ಪಾಸ್‌ಪೋರ್ಟು ಭಾರತ ಸರ್ಕಾರ ಕೊಡುವಂಥದು. 1967ರ ಪಾಸ್‌ಪೋರ್ಟ್ ಕಾಯಿದೆಯ ಮೇರೆಗೆ ಅದು ಸರ್ಕಾರದ ಸ್ವತ್ತು. ಶುಲ್ಕ ಕಟ್ಟಿ ಪಡೆದರೂ ನಮ್ಮ ಸ್ವಂತದ್ದಲ್ಲ. ವಾಸದ ಪರವಾನಗಿ ಜರ್ಮನಿಯವರು ಕೊಡುವಂಥದು. ಹಿಂದೆ ಅದನ್ನು ಪಾಸ್‌ಪೋರ್ಟಿನ ಪುಟಕ್ಕೇ ಅಂಟಿಸುತ್ತಿದ್ದರು. 2011ರ ಸೆಪ್ಟೆಂಬರಿನಿಂದ ಚಿಪ್ ಇರುವ ಬೇರೆಯ ಕಾರ್ಡು ಬಂದಿದೆ. ಎರಡೂ ಬೇರೆಯಾದುವು, ಆದರೆ ನಂಟು ಬಿಡಲಿಲ್ಲ. ಪಾಸ್‌ಪೋರ್ಟಿನ ಅವಧಿಯನ್ನು ದಾಟಿ ಪರವಾನಗಿಯನ್ನು ಸಾಮಾನ್ಯವಾಗಿ ಕೊಡುವುದಿಲ್ಲ.

ಇದೇಕೆ ಹೀಗೆ? ಪಾಸ್‌ಪೋರ್ಟು ಹೆಸರು ಹೇಳುವ ಚೀಟಿ ಮಾತ್ರವಲ್ಲ. "ಇವನು ನಮ್ಮವನು, ಮರಳಿ ಬಂದರೆ ಬಾಗಿಲು ತೆರೆಯುತ್ತೇವೆ" ಎಂದು ಒಂದು ದೇಶ ಇನ್ನೊಂದಕ್ಕೆ ಕೊಟ್ಟ ಮಾತು ಅದರಲ್ಲಿದೆ. ಆ ಮಾತಿನ ಗಡುವು ತೀರಿದ ಮೇಲೂ ಅತಿಥಿಯನ್ನು ಇರಿಸಿಕೊಳ್ಳಲು ಯಾವ ಸರ್ಕಾರವೂ ಸುಲಭವಾಗಿ ಒಪ್ಪದು. ಅಲ್ಲಿನ ಕಾಯಿದೆಯಲ್ಲಂತೂ ಪರದೇಶದವರು ಊರ್ಜಿತವಾದ ಪಾಸ್‌ಪೋರ್ಟು ಹೊಂದಿರುವುದೇ ಒಂದು ಕರ್ತವ್ಯ.

ಒಂದು ಲೆಕ್ಕ ನೋಡೋಣ. ಕಾಯಂ ನೌಕರಿ ಸಿಕ್ಕಿದ ಹುಡುಗಿಯೊಬ್ಬಳಿಗೆ 'ಬ್ಲೂ ಕಾರ್ಡ್' ಎಂಬ ಪರವಾನಗಿ ನಾಲ್ಕು ವರ್ಷದವರೆಗೆ ದೊರೆಯಬಹುದು. ಆದರೆ ಅವಳ ಪಾಸ್‌ಪೋರ್ಟಿನಲ್ಲಿ ಉಳಿದಿರುವುದು 14 ತಿಂಗಳು ಎಂದಿಟ್ಟುಕೊಳ್ಳಿ. ಕಾರ್ಡು ಬರುವುದೂ ಹೆಚ್ಚಾಗಿ 14 ತಿಂಗಳಿಗೇ. ಮತ್ತೆ ಅರ್ಜಿ, ಮತ್ತೆ ಬೆರಳ ಗುರುತು, ಮತ್ತೆ ನೂರು ಯುರೋ ಆಸುಪಾಸಿನ ಶುಲ್ಕ. ಕಾರ್ಡುಗಳೆಲ್ಲ ಬರ್ಲಿನ್ನಿನ ಸರ್ಕಾರಿ ಮುದ್ರಣಾಲಯದಲ್ಲಿ ಅಚ್ಚಾಗಿ ಬರಬೇಕು. ಅದಕ್ಕೂ ಕೆಲವು ವಾರ. ಪರದೇಶಿಯರ ಕಛೇರಿಯಲ್ಲಿ ಭೇಟಿಯ ದಿನ ಸಿಗುವುದೇ ದೊಡ್ಡ ನಗರಗಳಲ್ಲಿ ಒಂದು ತಪಸ್ಸು.

ಆದ್ದರಿಂದ ಇನ್ನೂ ಹೊರಡದವರಿಗೆ ಹೇಳುವ ಮಾತು ಚಿಕ್ಕದು. ಪಾಸ್‌ಪೋರ್ಟಿನಲ್ಲಿ ಒಂದು ವರ್ಷಕ್ಕಿಂತ ಕಡಿಮೆ ಉಳಿದಿದ್ದರೆ, ವೀಸಾಕ್ಕೆ ಮೊದಲೇ ಇಲ್ಲಿಯೇ ಹೊಸದನ್ನು ಮಾಡಿಸಿಕೊಳ್ಳಲಿ. ಅವಧಿ ಮುಗಿಯುವುದಕ್ಕೆ ಒಂದು ವರ್ಷ ಮುಂಚಿನಿಂದಲೇ ಅರ್ಜಿ ಹಾಕಬಹುದು. ಬರುವುದು ಹೊಸ ನಂಬರಿನ ಹೊಸ ಪುಸ್ತಕ. ವೀಸಾ ಅಂಟಿಸಿದ ಮೇಲೆ ನಂಬರು ಬದಲಾದರೆ ಎರಡೆರಡು ಪುಸ್ತಕ ಹೊತ್ತು ತಿರುಗಬೇಕು.

ಅಲ್ಲಿಯೇ ಇರುವವರು ಬರ್ಲಿನ್ನಿನ ನಮ್ಮ ರಾಯಭಾರ ಕಛೇರಿಗೋ, ಫ್ರಾಂಕ್‌ಫರ್ಟ್, ಮ್ಯೂನಿಕ್, ಹ್ಯಾಂಬರ್ಗ್‌ಗಳ ಕಾನ್ಸಲ್ ಕಛೇರಿಗಳಿಗೋ ಅರ್ಜಿ ಸಲ್ಲಿಸಬೇಕು. ಇಲ್ಲಿ ನಿಮ್ಮ ಪಾತ್ರವೂ ಉಂಟು. ಊರಿನ ವಿಳಾಸಕ್ಕೆ ಪೊಲೀಸರ ವಿಚಾರಣೆ ಬರಬಹುದು. ಪೇದೆ ಬಂದು ಕದ ತಟ್ಟಿದಾಗ ಗಾಬರಿಯಾಗದೆ, ಹುಡುಗ ಎಲ್ಲಿದ್ದಾನೆ, ಏನು ಮಾಡುತ್ತಾನೆ ಎಂದು ಇದ್ದದ್ದನ್ನು ಹೇಳಿದರೆ ಆಯಿತು. ಮನೆಗೆ ಬೀಗ ಹಾಕಿಕೊಂಡು ಯಾತ್ರೆಗೆ ಹೊರಟಿದ್ದರೆ ಆ ವರದಿ ಅಲ್ಲೇ ನಿಂತು ಬಿಡಬಹುದು.

ಕಷ್ಟ ಬರುವುದು ಪಾಸ್‌ಪೋರ್ಟು, ಪರವಾನಗಿ ಎರಡರ ಗಡುವೂ ಒಟ್ಟಿಗೆ ಹತ್ತಿರವಾದಾಗ. ಹೊಸ ಪಾಸ್‌ಪೋರ್ಟು ಕೈಗೆ ಬರಲಿ, ಆಮೇಲೆ ಪರವಾನಗಿಗೆ ಅರ್ಜಿ ಹಾಕೋಣ ಎಂದು ಅನೇಕರು ಕಾಯುತ್ತಾರೆ. ಇದು ದೊಡ್ಡ ತಪ್ಪು. ಜರ್ಮನಿಯ ವಾಸದ ಕಾಯಿದೆಯ 81ನೆಯ ಕಲಮು ಹೇಳುವುದಿಷ್ಟು: ಹಳೆಯ ಪರವಾನಗಿ ಮುಗಿಯುವ ಮೊದಲೇ ಅರ್ಜಿ ಕೊಟ್ಟಿದ್ದರೆ, ತೀರ್ಮಾನವಾಗುವವರೆಗೆ ಹಳೆಯದೇ ಮುಂದುವರಿದಿದೆಯೆಂದು ಭಾವಿಸತಕ್ಕದ್ದು. ಗಡುವು ದಾಟಿದ ಮೇಲೆ ಕೊಟ್ಟರೆ ಈ ರಕ್ಷಣೆ ತಾನಾಗಿ ಬರದು. ಅಧಿಕಾರಿಯ ಕೃಪೆಗೆ ಕಾಯಬೇಕು. ಆದುದರಿಂದ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ ರಸೀತಿಯನ್ನು ಲಗತ್ತಿಸಿ, ಪರವಾನಗಿಯ ಅರ್ಜಿಯನ್ನು ವೇಳೆಗೆ ಸರಿಯಾಗಿ ಕೊಟ್ಟುಬಿಡಬೇಕು.

ಈ ನಡುವಿನ ಕಾಲಕ್ಕೆ ಕೊಡುವ ಕಾಗದದ ಹೆಸರು 'ಫಿಕ್ಟ್‌ಸಿಯೋನ್ಸ್‌ಬೆಶೈನಿಗುಂಗ್'. ಕಲ್ಪನೆಯ ಪ್ರಮಾಣಪತ್ರ ಎಂದರ್ಥ! ಹೆಸರು ಕೇಳಿ ನಗು ಬಂದರೂ ಕಾಗದ ನಿಜವಾದದ್ದೇ. ಅದರಲ್ಲಿ ಯಾವ ಉಪಕಲಮಿಗೆ ಗುರುತು ಹಾಕಿದ್ದಾರೆಂದು ನೋಡಿಕೊಳ್ಳಬೇಕು. 4ನೆಯ ಉಪಕಲಮಾದರೆ ನೌಕರಿ ಮುಂದುವರಿಯುತ್ತದೆ, ಊರಿಗೆ ಬಂದು ಮರಳಲೂಬಹುದು. 3ನೆಯದಾದರೆ, ಹೊರಗೆ ಬಂದವರು ಅದರ ಬಲದಿಂದ ಒಳಗೆ ಹೋಗುವಂತಿಲ್ಲ.

ಆದರೆ ಪಾಸ್‌ಪೋರ್ಟೇ ತೀರಿಹೋಗಿದ್ದರೆ 4ನೆಯ ಉಪಕಲಮೂ ವಿಮಾನ ಹತ್ತಿಸದು. ಮನೆಯಲ್ಲಿ ಹಿರಿಯರಿಗೆ ಜಡ್ಡು ಹೆಚ್ಚಾಗಿದೆ, ಒಡನೆ ಹೊರಡು ಎಂಬ ಸುದ್ದಿ ಬಂತು ಎನ್ನಿ. ಅಂಥ ಹೊತ್ತಿನಲ್ಲಿ ನಮ್ಮ ರಾಯಭಾರ ಕಛೇರಿ ಒಂದು ತುರ್ತು ಪ್ರಮಾಣಪತ್ರ ಕೊಡಬಲ್ಲದು. ಅದು ಭಾರತಕ್ಕೆ ಬರುವ ಒಂದು ದಾರಿಗೆ ಮಾತ್ರ. ತಂದೆಯ ಹಾಸಿಗೆಯ ಬಳಿ ಕುಳಿತ ಮಗ, ತಿರುಗಿ ಹೋಗಬೇಕಾದರೆ ಹೊಸ ಪಾಸ್‌ಪೋರ್ಟು ಬರುವ ತನಕ ಇಲ್ಲೇ ಕಾಯಬೇಕು. ಅಲ್ಲಿ ಕೆಲಸ ಕಾಯುತ್ತದೆಯೋ ಇಲ್ಲವೋ ಹೇಳಲಾಗದು.

ಕಾಯಂ ವಾಸದ ಹಕ್ಕು ಪಡೆದವರಿಗೆ ಇಷ್ಟು ಆತಂಕವಿಲ್ಲ. ಅವರ ಕಾರ್ಡಿನ ಮೇಲೂ ಒಂದು ತಾರೀಖು ಇರುತ್ತದೆ, ಆದರೆ ಮುಗಿಯುವುದು ಕಾರ್ಡು, ಹಕ್ಕಲ್ಲ. ಹೊಸ ಪಾಸ್‌ಪೋರ್ಟು ಬಂದಾಗ ಕಾರ್ಡನ್ನೂ ಬದಲಿಸಿಕೊಳ್ಳಬೇಕು, ಅಷ್ಟೆ. ರದ್ದಾದ ಹಳೆಯ ಪಾಸ್‌ಪೋರ್ಟನ್ನು ಮೂಲೆ ಕತ್ತರಿಸಿ ಹಿಂದಕ್ಕೆ ಕೊಡುತ್ತಾರೆ. ಅದನ್ನು ಯಾರೂ ಬಿಸಾಡಬಾರದು. ಹೊಸ ಕಾರ್ಡು ಬರುವವರೆಗೆ ಪ್ರಯಾಣದಲ್ಲಿ ಜೊತೆಗಿರಲಿ.